ಚೋಕ್ ಎಳೆದರೆ ಮಾತ್ರ ಓಡುತ್ತಿದ್ದ ಬೈಕು: ಆರು ವರ್ಷ ನಿಂತ ಗಾಡಿಯ ಒಂದು ಪ್ರಕರಣ

ಇದು 150 ಸಿಸಿ ಆಸುಪಾಸಿನ, ಒಂದೇ ಸಿಲಿಂಡರಿನ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಫೋರ್ ಸ್ಟ್ರೋಕ್ ಗಾಡಿಯ ಕಥೆ. ಯಾವ ಕಂಪನಿಯದು, ಯಾವ ಮಾಡೆಲ್ ಎನ್ನುವುದನ್ನು ಬಿಟ್ಟಿದ್ದೇನೆ. ಮಾಲೀಕರ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ರಿಪೇರಿಯ ವಿಷಯ ಮಾತ್ರ ನಡೆದ ಹಾಗೇ ಇದೆ.

ನಿಂತ ಗಾಡಿ ಎಂದ ಕೂಡಲೇ ಎಲ್ಲರೂ "ಕಾರ್ಬ್ಯುರೇಟರ್ ಕ್ಲೀನ್ ಮಾಡಿ" ಎನ್ನುತ್ತಾರೆ. ಆ ಮಾತು ತಪ್ಪಲ್ಲ. ಆದರೆ ಈ ಗಾಡಿಯಲ್ಲಿ ಅದೊಂದನ್ನೇ ಮಾಡಿ ಸಾಕಷ್ಟು ಸಮಯ ಹಾಳಾಗಿತ್ತು. ಒಳಗೆ ಇದ್ದದ್ದು ನಾಲ್ಕೈದು ಬೇರೆ ಬೇರೆ ದೋಷಗಳು. ಹೊರಗೆ ಕಾಣುತ್ತಿದ್ದ ಲಕ್ಷಣ ಮಾತ್ರ ಹೆಚ್ಚು ಕಡಿಮೆ ಒಂದೇ. ಅವುಗಳನ್ನು ಹೇಗೆ ಬೇರೆ ಮಾಡಿದೆವು ಎನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಿನ್ನೆಲೆ

ಗಾಡಿ ಮಾಲೀಕರ ತಂದೆಯದು. ಅವರು ಓಡಿಸುವುದನ್ನು ಬಿಟ್ಟ ಮೇಲೆ ಆರು ವರ್ಷಕ್ಕೂ ಜಾಸ್ತಿ ಶೆಡ್ಡಿನಲ್ಲಿ ನಿಂತಿತ್ತು. ಮಳೆ ಬೀಳುತ್ತಿರಲಿಲ್ಲ, ಮೇಲೆ ಹೊದಿಕೆಯೂ ಇತ್ತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ನಿಲ್ಲಿಸುವಾಗ ಯಾರೂ ಪೆಟ್ರೋಲ್ ತೆಗೆದಿರಲಿಲ್ಲ. ಟ್ಯಾಂಕಿನಲ್ಲಿ ಅರ್ಧದಷ್ಟು ಉಳಿದಿತ್ತು. ಕಾರ್ಬ್ಯುರೇಟರಿನ ತಳದಲ್ಲಿ ಸ್ವಲ್ಪ ಪೆಟ್ರೋಲ್ ಹಿಡಿದಿಡುವ ಬಟ್ಟಲು, ಅಂದರೆ ಫ್ಲೋಟ್ ಚೇಂಬರಿನಲ್ಲೂ ಇತ್ತು.

ಪೆಟ್ರೋಲ್ ಹೀಗೆ ನಿಂತರೆ ಮೊದಲು ಅದರ ಹಗುರ ಭಾಗ ಆವಿಯಾಗಿ ಹೋಗುತ್ತದೆ. ಸುಲಭವಾಗಿ ಹೊತ್ತಿಕೊಳ್ಳುವುದು ಅದೇ ಭಾಗ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತದೆ, ಒಣಗಿದರೆ ವಾರ್ನಿಶ್ ಹಚ್ಚಿದಂಥ ಪದರವಾಗುತ್ತದೆ. ಫ್ಲೋಟ್ ಚೇಂಬರಿನಲ್ಲಿ ಇರುವುದೇ ಸ್ವಲ್ಪ, ಹಾಗಾಗಿ ಅಲ್ಲಿ ಬೇಗ ಒಣಗುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಅರ್ಧ ಖಾಲಿ ಇರುವ ಉಕ್ಕಿನ ಟ್ಯಾಂಕು ಇನ್ನೂ ಕೆಟ್ಟದ್ದು. ಹಗಲಿನ ಬಿಸಿ, ರಾತ್ರಿಯ ತಂಪಿಗೆ ಗಾಳಿ ಒಳಗೆ ಹೊರಗೆ ಆಡುತ್ತದೆ, ಒಳಗೋಡೆಯ ಮೇಲೆ ತೇವ ಕೂರುತ್ತದೆ, ತುಕ್ಕು ಶುರುವಾಗುತ್ತದೆ.

ಮಾಲೀಕರು ಮತ್ತು ಅವರ ಸಂಬಂಧಿಯೊಬ್ಬರು ಸೇರಿ ಮೊದಲು ಗಾಡಿ ಎಬ್ಬಿಸಲು ನೋಡಿದ್ದರು. ಹಳೆಯ ಪೆಟ್ರೋಲ್ ಮೇಲೆಯೇ ಹೊಸದನ್ನು ಸುರಿದಿದ್ದರು. ಹೊಸ ಪ್ಲಗ್ ಹಾಕಿ, ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಕಿಕ್ ಹೊಡೆದರು. ಸ್ಟಾರ್ಟ್ ಆಯಿತು! ಸ್ವಲ್ಪ ಹೊತ್ತು ಹೊಗೆ ಬಂತು, ಆಮೇಲೆ ನಿಂತಿತು. ಅವರಿಗಾದ ಖುಷಿ ಎಷ್ಟು ಅಂತ ಯಾರಿಗಾದರೂ ಅರ್ಥವಾಗುತ್ತದೆ.

ತೊಂದರೆ ಏನು

ಚೋಕ್ ಎಳೆದಿದ್ದರೆ ಮಾತ್ರ ಎಂಜಿನ್ ಆಫ್ ಆಗದೆ ಓಡುತ್ತಿತ್ತು. ಚೋಕ್ ಬಿಟ್ಟರೆ ಆಫ್. ರೇಸ್ ಕೊಟ್ಟು ಹಿಡಿದರೆ ಓಡುತ್ತಿತ್ತು, ಆದರೆ ನಿಧಾನದ ವೇಗದಲ್ಲಿ ಜರ್ಕ್ ಹೊಡೆಯುತ್ತಿತ್ತು. ಆಕ್ಸಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು.

ಸಂಬಂಧಿ ಪ್ಲಗ್ ಬಿಚ್ಚಿ ನೋಡಿದರು. ಮಸಿ ಹಿಡಿದು ಕಪ್ಪಾಗಿತ್ತು. ಪೆಟ್ರೋಲ್ ಜಾಸ್ತಿ ಬರುತ್ತಿದೆ ಎಂದುಕೊಂಡು ಮಿಕ್ಸ್ಚರ್ ಸ್ಕ್ರೂ (ಗಾಳಿ ಪೆಟ್ರೋಲಿನ ಮಿಶ್ರಣ ಹೊಂದಿಸುವ ಸ್ಕ್ರೂ) ತಿರುಗಿಸಿ ಪೆಟ್ರೋಲನ್ನು ಇನ್ನಷ್ಟು ಕಡಿಮೆ ಮಾಡಿದರು. ಗಾಡಿ ಮತ್ತೂ ಹಾಳಾಯಿತು. ಆಗ ಐಡಲ್ ಸ್ಕ್ರೂ (ಆಕ್ಸಲರೇಟರ್ ಮುಟ್ಟದಿದ್ದಾಗ ಎಂಜಿನ್ ಎಷ್ಟು ವೇಗದಲ್ಲಿ ಓಡಬೇಕು ಎಂದು ಹೊಂದಿಸುವ ಸ್ಕ್ರೂ) ಬಿಗಿ ಮಾಡಿ ಎಂಜಿನ್ನನ್ನು ಬಲವಂತವಾಗಿ ಜೋರಾಗಿ ಓಡಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ತಪ್ಪು ಲೆಕ್ಕ ತುಂಬ ಕಡೆ ಆಗುತ್ತದೆ. ಕಪ್ಪು ಪ್ಲಗ್ ಎಂದರೆ ಪೆಟ್ರೋಲ್ ಜಾಸ್ತಿ, ನಿಜ. ಆದರೆ ಆ ಗಾಡಿ ಓಡಿದ್ದೆಲ್ಲ ಚೋಕ್ ಮೇಲೆ. ಚೋಕ್ ಇರುವುದೇ ಗಾಳಿ ಕಡಿಮೆ ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸಲು. ಚೋಕ್ ಮೇಲೆ ಓಡಿದ ಪ್ಲಗ್ ಕಪ್ಪಾಗಿಯೇ ಇರುತ್ತದೆ. ಅದು ಹೇಳುವುದು ಚೋಕ್ ವಿಷಯ, ದೋಷದ ವಿಷಯವಲ್ಲ. ಅದಕ್ಕಿಂತ ಸ್ಪಷ್ಟ ಸುಳಿವು ಕಣ್ಣೆದುರಿಗೇ ಇತ್ತು. ಚೋಕ್ ಎಳೆದಾಗ ಎಂಜಿನ್ ಸುಧಾರಿಸುತ್ತದೆ ಎಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಬೇಡದ ಗಾಳಿ ಸೇರುತ್ತಿದೆ. ಎರಡರಲ್ಲಿ ಒಂದು. ಅಥವಾ ಎರಡೂ.

ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ, ಸ್ಪ್ರೇ ಹೊಡೆದು ಕ್ಲೀನ್ ಮಾಡಿದರು. ಕೆಲವು ದಿನ ಗಾಡಿ ಪರವಾಗಿಲ್ಲ ಎನ್ನುವಷ್ಟಾಯಿತು. ಮತ್ತೆ ಅದೇ ಕಥೆ. ನನ್ನ ಹತ್ತಿರ ಬಂದಾಗ ಮಾಲೀಕರು ಕೇಳಿದ್ದು ಒಂದೇ ಮಾತು: "ಕಾರ್ಬ್ಯುರೇಟರ್ ಹೊಸದೇ ಹಾಕಿಬಿಡೋಣ ಅಲ್ವಾ?"

ಬೇಡ ಎಂದೆ. ಕ್ಲೀನ್ ಮಾಡಿದಾಗ ಸರಿಹೋಗಿ, ಮತ್ತೆ ಕೆಟ್ಟಿತು ಎನ್ನುವುದೇ ಅವರು ಹೇಳಿದ್ದರಲ್ಲಿ ದೊಡ್ಡ ಸುಳಿವು. ಕಾರ್ಬ್ಯುರೇಟರಿನದೇ ದೋಷವಾಗಿದ್ದರೆ ಅದು ಸ್ವಲ್ಪ ದಿನವೂ ಸರಿಹೋಗುತ್ತಿರಲಿಲ್ಲ. ಮೇಲಿನಿಂದ ಏನೋ ಬಂದು ಮತ್ತೆ ಕಟ್ಟಿಕೊಳ್ಳುತ್ತಿದೆ. ಹೊಸ ಕಾರ್ಬ್ಯುರೇಟರ್ ಹಾಕಿದ್ದರೂ ಅದಕ್ಕೂ ಇದೇ ಗತಿ.

ಮೊದಲ ನಿರ್ಧಾರ: ಸ್ಟಾರ್ಟ್ ಮಾಡುವುದನ್ನು ನಿಲ್ಲಿಸಿದ್ದು

ಮಾಲೀಕರಿಗೆ ಇದು ಇಷ್ಟವಾಗಲಿಲ್ಲ. ಓಡುತ್ತಿರುವ ಗಾಡಿಯನ್ನು ಯಾಕೆ ನಿಲ್ಲಿಸಬೇಕು ಅಂತ. ಆದರೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಇನ್ನಷ್ಟು ಕಸ ಕೆಳಗೆ ಇಳಿಯುತ್ತದೆ. ಎಂಜಿನ್ ಆಯಿಲ್ ಕೂಡ ಆರು ವರ್ಷ ಹಳೆಯದು. ಅದನ್ನು ಮೊದಲು ಬದಲಿಸಿದೆವು.

ಆಮೇಲೆ ಒಂದೇ ಒಂದು ಸಲ ಓಡಿಸಿ, ದೂರನ್ನು ಸರಿಯಾಗಿ ಕೇಳಿಸಿಕೊಂಡೆವು. ಆಕ್ಸಲರೇಟರ್ ಹಿಡಿಕೆಗೆ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗುರುತು ಹಾಕಿದೆವು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಯಾವ ಗುರುತಿನಲ್ಲಿ ಮಿಸ್ ಹೊಡೆಯುತ್ತದೆ ಅಂತ ನೋಡಿದೆವು. ಕಾಲು ಭಾಗದವರೆಗೆ ತುಂಬ ಕೆಟ್ಟದ್ದು. ಅರ್ಧ ದಾಟಿದ ಮೇಲೆ ಹೆಚ್ಚು ಕಡಿಮೆ ಸರಿ.

ಇದು ಸುಮ್ನೆ ಮಾಡಿದ್ದಲ್ಲ. ಕಾರ್ಬ್ಯುರೇಟರಿನಲ್ಲಿ ಐಡಲಿಂಗ್‌ನಿಂದ ಸುಮಾರು ಕಾಲು ಭಾಗದವರೆಗೆ ಮುಖ್ಯವಾಗಿ ಪೈಲಟ್ ಜೆಟ್ ಪೆಟ್ರೋಲ್ ಕೊಡುತ್ತದೆ (ಜೆಟ್ ಎಂದರೆ ಪೆಟ್ರೋಲನ್ನು ಅಳೆದು ಬಿಡುವ, ಸಣ್ಣ ತೂತಿನ ಹಿತ್ತಾಳೆ ತುಂಡು). ನಡುವೆ ನೀಡಲ್‌ನದು ಕೆಲಸ. ಪೂರ್ತಿ ತೆರೆದಾಗ ಮೇನ್ ಜೆಟ್‌ನದು. ಹಾಗಾಗಿ ನಮ್ಮ ಅನುಮಾನ ಪೈಲಟ್ ದಾರಿಯ ಕಡೆ ಹೋಯಿತು. ಅದನ್ನು ಖಚಿತ ಮಾಡಿಕೊಳ್ಳಲು ಮಿಕ್ಸ್ಚರ್ ಸ್ಕ್ರೂವನ್ನು ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿದೆವು. ಐಡಲಿಂಗ್‌ನಲ್ಲಿರುವ ಸರಿಯಾದ ಎಂಜಿನ್ ಹಾಗೆ ಮಾಡಿದರೆ ತಡವರಿಸಿ ಆಫ್ ಆಗಬೇಕು. ಇದಕ್ಕೆ ಗೊತ್ತೇ ಆಗಲಿಲ್ಲ. ಪೈಲಟ್ ದಾರಿಯಲ್ಲಿ ಪೆಟ್ರೋಲ್ ಬರುತ್ತಲೇ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಾರ್ಬ್ಯುರೇಟರ್ ಮುಟ್ಟುವ ಮುಂಚೆ

ಆದರೂ ನಾವು ನೇರವಾಗಿ ಕಾರ್ಬ್ಯುರೇಟರಿಗೆ ಕೈ ಹಾಕಲಿಲ್ಲ. ಎಂಜಿನ್ನೇ ಸರಿ ಇಲ್ಲದಿದ್ದರೆ ಕಾರ್ಬ್ಯುರೇಟರ್ ಎಷ್ಟು ಟ್ಯೂನ್ ಮಾಡಿದರೂ ಪ್ರಯೋಜನವಿಲ್ಲ. ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ತೆರೆದು, ಗೇಜ್ ಹಾಕಿ ಕಂಪ್ರೆಶನ್ (ಸಿಲಿಂಡರಿನಲ್ಲಿ ಪಿಸ್ಟನ್ ಒತ್ತಿದಾಗ ಹುಟ್ಟುವ ಒತ್ತಡ) ನೋಡಿದೆವು. ಗಾಡಿಯ ಪುಸ್ತಕದಲ್ಲಿ ಕೊಟ್ಟಿದ್ದಕ್ಕಿಂತ ಕಡಿಮೆ ಇತ್ತು. ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದೆವು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ತುಂಬಿ ಒತ್ತಡ ಏರಬೇಕು. ಏರಲಿಲ್ಲ. ಅಂದರೆ ಸೋರಿಕೆ ವಾಲ್ವ್ ಕಡೆಯದು.

ಟ್ಯಾಪೆಟ್ ಕವರ್ ತೆಗೆದು, ಟ್ಯಾಪೆಟ್ಟಿಗೂ (ವಾಲ್ವನ್ನು ಒತ್ತಿ ತೆರೆಯುವ ಭಾಗ) ವಾಲ್ವಿಗೂ ನಡುವಿನ ಅಂತರ ನೋಡಿದೆವು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಶನ್ ಸ್ಟ್ರೋಕಿನ ತುದಿಯಲ್ಲಿರಬೇಕು. ಆ ಗಾಡಿಗೆ ಪುಸ್ತಕ ಹೇಳುವ ಅಂತರ ಇನ್‌ಲೆಟ್‌ಗೆ 0.08, ಎಕ್ಸಾಸ್ಟ್‌ಗೆ 0.12 ಮಿಲಿಮೀಟರ್. ಇನ್‌ಲೆಟ್ ಸರಿ ಇತ್ತು. ಎಕ್ಸಾಸ್ಟ್ ಕಡೆ ಅತ್ಯಂತ ತೆಳುವಾದ ಫೀಲರ್ ಗೇಜ್ (ಅಂತರ ಅಳೆಯುವ ಲೋಹದ ಪಟ್ಟಿ) ಕೂಡ ಒಳಗೆ ಹೋಗಲಿಲ್ಲ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಇದು ನಿಂತಿದ್ದಕ್ಕೆ ಆದದ್ದಲ್ಲ, ನಿಲ್ಲಿಸುವ ಮುಂಚಿನಿಂದಲೇ ಇದ್ದ ಉಪೇಕ್ಷೆ. ವಾಲ್ವ್ ತನ್ನ ಸೀಟಿನಲ್ಲಿ ಸವೆದು ಕೂರುತ್ತಾ ಹೋದಂತೆ ಅಂತರ ಕಡಿಮೆಯಾಗುತ್ತದೆ. ಟ್ಯಾಪೆಟ್ ಬಿಗಿಯಾದರೆ ಸದ್ದು ಬರುವುದಿಲ್ಲ. ಸಡಿಲವಾದರೆ ಟಕಟಕ ಅನ್ನುತ್ತದೆ, ಎಲ್ಲರೂ ರಿಪೇರಿಗೆ ತರುತ್ತಾರೆ. ಬಿಗಿಯಾದದ್ದು ಸದ್ದಿಲ್ಲದೆ ವಾಲ್ವ್ ಸುಟ್ಟುಬಿಡುತ್ತದೆ. ಅದೃಷ್ಟಕ್ಕೆ ಇಲ್ಲಿ ಸುಟ್ಟಿರಲಿಲ್ಲ. ಅಂತರ ಸರಿ ಮಾಡಿದ ಮೇಲೆ ಕಂಪ್ರೆಶನ್ ಮೇಲೆ ಬಂತು.

ಬ್ಯಾಟರಿಯೂ ದೋಷಿಯೇ. ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟರೆ 12.1 ವೋಲ್ಟ್. ಒಳ್ಳೆಯ ಬ್ಯಾಟರಿಯಾದರೆ 12.6ರ ಹತ್ತಿರ ಇರಬೇಕು. ಸೆಲ್ಫ್ ಒತ್ತಿದರೆ 9ಕ್ಕಿಂತ ಕೆಳಗೆ ಬೀಳುತ್ತಿತ್ತು. ಈ ಗಾಡಿಯಲ್ಲಿ ಪ್ಲಗ್ಗಿಗೆ ಹೋಗುವ ಕರೆಂಟಿನ ಮೂಲ ಬ್ಯಾಟರಿಯೇ. ಹಾಗಾಗಿ ಹೊಸದು ಹಾಕಲೇಬೇಕಾಯಿತು. ಪ್ಲಗ್ ಕ್ಯಾಪ್, ಕನೆಕ್ಟರುಗಳು, ಅರ್ತ್ ವೈರ್ ಎಲ್ಲ ಬಿಚ್ಚಿ ಉಜ್ಜಿ ಹಾಕಿದೆವು.

ಇಷ್ಟೆಲ್ಲ ಆದ ಮೇಲೂ ಎಂಜಿನ್ ಸದ್ದಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಮಾಲೀಕರ ಮುಖ ಸಪ್ಪಗಾಯಿತು. ಇಂಥ ಹೊತ್ತಿನಲ್ಲೇ ಜನ ಮಾಡಿದ ಕೆಲಸವನ್ನು ಅನುಮಾನಿಸಲು ಶುರು ಮಾಡುತ್ತಾರೆ. ಆದರೆ ಗೇಜಿನ ಅಂಕಿ ಏರಿದ್ದನ್ನು ನಾವು ಬರೆದಿಟ್ಟಿದ್ದೆವು. ಆ ಪುಟ ತೋರಿಸಿದೆ. ಕಿವಿಗೆ ಕೇಳದಿದ್ದರೂ ಒಂದು ದೋಷ ಕಡಿಮೆಯಾಗಿದೆ ಎನ್ನುವುದಕ್ಕೆ ಅದೇ ಆಧಾರ.

ಎರಡನೆಯ ನಿರ್ಧಾರ: ಟ್ಯಾಂಕ್ ಮೊದಲು

ಫ್ಲೋಟ್ ಚೇಂಬರಿನ ಡ್ರೇನ್ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಪೆಟ್ರೋಲ್ ಹಿಡಿದೆವು. ತಳದಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಪುಡಿ ಕೂತಿತು. ಅದರ ಜೊತೆ ಮಣಿಯಂತೆ ಉರುಳುವ ನೀರಿನ ಹನಿಗಳು. "ಮತ್ತೆ ಯಾಕೆ ಕೆಟ್ಟಿತು" ಎನ್ನುವ ಪ್ರಶ್ನೆಗೆ ಉತ್ತರ ಆ ಲೋಟದಲ್ಲಿತ್ತು.

ಟ್ಯಾಂಕಿನ ಬಾಯಿಂದ ಟಾರ್ಚ್ ಬಿಟ್ಟು ನೋಡಿದರೆ ಮೇಲ್ಭಾಗವೆಲ್ಲ ತುಕ್ಕು. ಪೆಟ್ರೋಲ್ ಮುಳುಗಿಸಿಟ್ಟಿದ್ದ ಕೆಳಗಿನ ಗೋಡೆ ಚೆನ್ನಾಗಿತ್ತು. ತಳದ ಮೂಲೆಯಲ್ಲಿ ನೀರು ನಿಂತ ಗುರುತು. ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮೇಲಿನ ಜಾಲರಿ ಒಂದು ಕಡೆ ಹರಿದಿತ್ತು.

ಮಾಲೀಕರು ಪೈಪಿನ ಮಧ್ಯೆ ಒಂದು ಫಿಲ್ಟರ್ ಹಾಕಿ ಮುಗಿಸೋಣ ಎಂದರು. ಇದು ಸುಲಭದ ದಾರಿ, ಆಸೆಯಾಗುವುದು ಸಹಜ. ನಾನು ಒಪ್ಪಲಿಲ್ಲ. ತುಕ್ಕಿನ ಅತಿ ಸಣ್ಣ ಪುಡಿ ಸಾಮಾನ್ಯ ಫಿಲ್ಟರನ್ನೂ ದಾಟುತ್ತದೆ. ದಪ್ಪ ಪುಡಿ ಫಿಲ್ಟರನ್ನೇ ಕಟ್ಟುತ್ತದೆ. ಇಲ್ಲಿ ಪೆಟ್ರೋಲ್ ಇಳಿಯುವುದು ತನ್ನ ತೂಕದಿಂದ ಮಾತ್ರ, ಪಂಪ್ ಇಲ್ಲ. ಫಿಲ್ಟರ್ ಅರ್ಧ ಕಟ್ಟಿದರೆ ಮತ್ತೆ ಅದೇ "ಪೆಟ್ರೋಲ್ ಸಾಲದ" ಲಕ್ಷಣ ಬರುತ್ತದೆ. ಫಿಲ್ಟರ್ ಕೊನೆಗೆ ಹಾಕೋಣ, ಮೊದಲು ತುಕ್ಕು ತೆಗೆಯೋಣ ಎಂದೆ.

ಟ್ಯಾಂಕ್ ಇಳಿಸಿ, ಪೆಟ್ರೋಲ್ ಪೂರ್ತಿ ತೆಗೆದು, ಸೋಪಿನ ನೀರಿನಲ್ಲಿ ಸಾಕಷ್ಟು ಸಲ ತೊಳೆದೆವು. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಹತ್ತಿರ ಬೆಂಕಿ, ವೆಲ್ಡಿಂಗ್, ಕಿಡಿ ಯಾವುದೂ ಇರಬಾರದು. ಕಾಕ್ ತೆಗೆದು ತೂತು ಮುಚ್ಚಿ, ಲೀಟರಿಗೆ ಸುಮಾರು 50 ಗ್ರಾಂನಂತೆ ಸಿಟ್ರಿಕ್ ಆಸಿಡ್ ಕರಗಿಸಿದ ಬೆಚ್ಚಗಿನ ನೀರನ್ನು ಬಾಯಿಯವರೆಗೆ ತುಂಬಿ ರಾತ್ರಿಯಿಡೀ ಬಿಟ್ಟೆವು. ಮುಚ್ಚಳ ಹಾಕಲಿಲ್ಲ, ಏಕೆಂದರೆ ಒಳಗೆ ಗ್ಯಾಸ್ ಹುಟ್ಟುತ್ತದೆ. ಮಾರನೆಯ ದಿನ ನೀರು ಕಪ್ಪು ಹಸಿರಾಗಿತ್ತು, ಒಳಗೋಡೆ ಬೂದು ಬಣ್ಣಕ್ಕೆ ಬಂದಿತ್ತು. ಸೋಡಾಪುಡಿ ಹಾಕಿದ ನೀರಿನಲ್ಲಿ ತೊಳೆದು, ತಕ್ಷಣ ಬಿಸಿ ಗಾಳಿಯಿಂದ ಒಣಗಿಸಿದೆವು. ಈ ತಕ್ಷಣ ಎನ್ನುವುದು ಮುಖ್ಯ. ಆಸಿಡ್ ತೊಳೆದ ಉಕ್ಕು ಒದ್ದೆ ಇದ್ದರೆ ನೋಡುನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಒಣಗಿದ ಕೂಡಲೇ ಸ್ವಲ್ಪ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ಆಡಿಸಿದೆವು. ಹೊಸ ಕಾಕ್, ಹೊಸ ಪೈಪ್ ಹಾಕಿದೆವು. ಮುಚ್ಚಳದ ಗಾಳಿ ತೂತು ತೆರೆದಿದೆಯೇ ಎಂದೂ ನೋಡಿದೆವು.

ಕಾರ್ಬ್ಯುರೇಟರ್

ಬಿಚ್ಚುವ ಮುಂಚೆ ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು ಎಂದು ಎಣಿಸಿ ಬರೆದುಕೊಳ್ಳುವುದು ರೂಢಿ. ಇಲ್ಲಿ ಅದನ್ನು ಆಗಲೇ ತಿರುಗಿಸಿಬಿಟ್ಟಿದ್ದರಿಂದ ಪುಸ್ತಕದ ಲೆಕ್ಕವನ್ನೇ ನಂಬಬೇಕಾಯಿತು.

ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಬೆಳಕಿಗೆ ಹಿಡಿದು ನೋಡಿದರೆ ಏನೂ ಕಾಣಲಿಲ್ಲ. ಉಕ್ಕಿನ ತಂತಿ ತೂರಿಸಿದರೆ ಹಿತ್ತಾಳೆಯ ತೂತು ದೊಡ್ಡದಾಗುತ್ತದೆ, ಆಮೇಲೆ ಅದು ಸರಿಯಾದ ಅಳತೆಯ ಜೆಟ್ ಆಗಿ ಉಳಿಯುವುದಿಲ್ಲ. ಕ್ಲೀನರಿನಲ್ಲಿ ನೆನೆಸಿ, ನೈಲಾನ್ ಎಳೆಯಿಂದ ಬಿಡಿಸಿದೆವು. ದುಂಡಗಿನ ಬೆಳಕು ಕಂಡಿತು.

ಹಿಂದಿನ ಸಲ ಕೆಲಸ ನಿಂತದ್ದು ಇಲ್ಲೇ ಇರಬೇಕು. ಜೆಟ್ ಬಿಡಿಸಿದರೆ ಸಾಲದು. ಜೆಟ್ಟಿನಿಂದ ಮುಂದೆ ಕಾರ್ಬ್ಯುರೇಟರಿನ ಮೈಯೊಳಗೆ ಸಣ್ಣ ದಾರಿ ಇದೆ, ಅದು ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇರುವ ಪುಟ್ಟ ತೂತುಗಳಲ್ಲಿ ತೆರೆಯುತ್ತದೆ. ಆಕ್ಸಲರೇಟರ್ ಸ್ವಲ್ಪ ತಿರುಗಿಸಿದಾಗ ಪೆಟ್ರೋಲ್ ಬರಬೇಕಾದ್ದು ಅಲ್ಲಿಂದ. ಜೆಟ್ ಜಾಗದಿಂದ ಸ್ಪ್ರೇ ಬಿಟ್ಟರೆ ಒಂದು ತೂತಿನಿಂದ ಮಾತ್ರ ಚಿಮ್ಮಿತು, ಉಳಿದವು ಮುಚ್ಚಿದ್ದವು. ನೆನೆಸುವುದು, ಗಾಳಿ ಹೊಡೆಯುವುದು, ಮತ್ತೆ ನೆನೆಸುವುದು. ಎಲ್ಲ ತೂತುಗಳಿಂದಲೂ ಸಮನಾಗಿ ಬರುವವರೆಗೆ ಬಿಡಲಿಲ್ಲ. ಕ್ಲೀನರ್ ಹಾಕುವ ಮುಂಚೆ ರಬ್ಬರ್ ರಿಂಗುಗಳನ್ನೂ ಡಯಾಫ್ರಮ್ಮನ್ನೂ ತೆಗೆದಿಟ್ಟಿದ್ದೆವು. ಇಲ್ಲದಿದ್ದರೆ ಅವು ಊದಿಕೊಂಡು ಹಾಳಾಗುತ್ತವೆ.

ಜೋಡಿಸಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಚೋಕ್ ಬಿಟ್ಟ ಮೇಲೂ ಆಫ್ ಆಗದೆ ಓಡಿತು. ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೆ ಸದ್ದು ಬದಲಾಗುತ್ತಿತ್ತು.

ಮೂರನೆಯ ನಿರ್ಧಾರ: ಜೆಟ್ ದೊಡ್ಡದು ಮಾಡದೆ ಬಿಟ್ಟದ್ದು

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ರೇಸ್ ಕೊಟ್ಟು ಬಿಟ್ಟರೆ ತಕ್ಷಣ ಕೆಳಗೆ ಬರುತ್ತಿರಲಿಲ್ಲ, ಮೇಲೆಯೇ ನೇತಾಡುತ್ತಿತ್ತು. ಚೋಕ್ ಸ್ವಲ್ಪ ಎಳೆದರೆ ಸರಿಹೋಗುತ್ತಿತ್ತು. ಮತ್ತೆ ಪೆಟ್ರೋಲ್ ಸಾಲದ ಲಕ್ಷಣ. ಪೈಲಟ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದರೆ ಆಯಿತಲ್ಲ ಎಂದು ಮಾಲೀಕರು ಕೇಳಿದರು.

ಹಾಕಿದ್ದರೆ ಬಹುಶಃ ಐಡಲಿಂಗ್ ಸ್ಥಿರವಾಗುತ್ತಿತ್ತು. ಅದೇ ಅಪಾಯ. ಈ ಗಾಡಿ ಹೊಸದಿದ್ದಾಗ ಇದೇ ಸೈಜಿನ ಜೆಟ್ಟಿನಲ್ಲಿ ಚೆನ್ನಾಗಿ ಓಡಿದೆ. ಈಗ ಸಾಲುವುದಿಲ್ಲ ಎಂದರೆ ಬದಲಾಗಿರುವುದು ಜೆಟ್ ಅಲ್ಲ. ಪೆಟ್ರೋಲ್ ದಾರಿ ಪೂರ್ತಿ ತೆರೆದದ್ದನ್ನು ಕಣ್ಣಾರೆ ನೋಡಿದ್ದೆವು. ಉಳಿದದ್ದು ಬೇಡದ ಗಾಳಿ.

ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಮ್ಯಾನಿಫೋಲ್ಡ್ ರಬ್ಬರ್ ಮೇಲಿನಿಂದ ಸರಿಯಾಗಿಯೇ ಕಾಣುತ್ತಿತ್ತು. ಕೆಲವರು ಇಲ್ಲಿ ಹೊತ್ತಿಕೊಳ್ಳುವ ಸ್ಪ್ರೇ ಹೊಡೆದು ಪರೀಕ್ಷೆ ಮಾಡುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ನನಗೆ ಒಪ್ಪಿಗೆಯಿಲ್ಲ. ಬರೀ ನೀರು ತುಂಬಿದ ಸ್ಪ್ರೇ ಬಾಟಲಿ ತಗೊಂಡು ರಬ್ಬರಿನ ಸುತ್ತ ತುಂತುರು ಬಿಟ್ಟೆವು. ಕೆಳಭಾಗಕ್ಕೆ ನೀರು ತಾಗಿದ ಕ್ಷಣ ಎಂಜಿನ್ ಸದ್ದು ಬದಲಾಯಿತು. ನೀರು ಬಿರುಕನ್ನು ಒಂದು ಗಳಿಗೆ ಮುಚ್ಚಿತ್ತು. ಬಿಚ್ಚಿ ಬಗ್ಗಿಸಿದಾಗ ಕೆಳಗಿನ ಅಂಚಿನಲ್ಲಿ ಉದ್ದನೆಯ ಬಿರುಕು ಬಾಯಿ ಬಿಟ್ಟಿತು. ಬಿಸಿಯಾದಾಗ ತೊಂದರೆ ಜಾಸ್ತಿಯಾಗುತ್ತಿದ್ದದ್ದು ರಬ್ಬರ್ ಮೆತ್ತಗಾಗಿ ಬಿರುಕು ತೆರೆದುಕೊಳ್ಳುತ್ತಿದ್ದರಿಂದ ಇರಬೇಕು. ಗಮ್ ಹಚ್ಚಲಿಲ್ಲ, ಪೆಟ್ರೋಲ್ ತಾಗಿದರೆ ಅಂಥವು ಬಿಟ್ಟುಕೊಳ್ಳುತ್ತವೆ. ಹೊಸ ರಬ್ಬರ್, ಹೊಸ ಓ ರಿಂಗ್ ಹಾಕಿದೆವು.

ಏನಾಯಿತು

ಐಡಲಿಂಗ್ ಪುಸ್ತಕ ಹೇಳುವ 1400 ಆರ್‌ಪಿಎಂ ಹತ್ತಿರ ನಿಂತಿತು. ಬಿಸಿಯಲ್ಲೂ ಅಲ್ಲೇ. ರೇಸ್ ಬಿಟ್ಟ ಕೂಡಲೇ ಕೆಳಗೆ ಬರುತ್ತಿತ್ತು. ರಸ್ತೆಗೆ ಇಳಿಸುವ ಮುಂಚೆ ಬ್ರೇಕ್ ಆಯಿಲ್, ಬ್ರೇಕ್ ಶೂ, ಕೇಬಲ್ ಎಲ್ಲ ನೋಡಿದೆವು. ಟೈರುಗಳಲ್ಲಿ ಹಲ್ಲು ಚೆನ್ನಾಗಿತ್ತು, ಆದರೆ ಪಕ್ಕದ ಗೋಡೆಯಲ್ಲಿ ಸೀಳುಗಳಿದ್ದವು. ಟೈರಿನ ಮೇಲಿನ ನಾಲ್ಕು ಅಂಕಿಯ ಗುರುತಿನಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅದು ಹೇಳಿದ ವಯಸ್ಸು ನೋಡಿ ಎರಡನ್ನೂ ಬದಲಿಸಿದೆವು. ಎಂಜಿನ್ ಸರಿಯಾದ ಖುಷಿಯಲ್ಲಿ ಈ ಹೆಜ್ಜೆ ಬಿಟ್ಟುಹೋಗುತ್ತದೆ. ಓಡದ ಗಾಡಿಗಿಂತ, ಚೆನ್ನಾಗಿ ಓಡಿ ನಿಲ್ಲದ ಗಾಡಿ ಕೆಟ್ಟದ್ದು.

ಚೋಕ್ ಇಲ್ಲದೆ ಸಾಕಷ್ಟು ದೂರ ಓಡಿಸಿ ಪ್ಲಗ್ ತೆಗೆದು ನೋಡಿದಾಗ ತಿಳಿ ಕಂದು ಬಣ್ಣ. ಈಗ ಆ ಬಣ್ಣವನ್ನು ನಂಬಬಹುದಿತ್ತು. ಆಕ್ಸಲರೇಟರ್ ಬಿಟ್ಟಾಗಿನ ಪಟಪಟ ಸದ್ದು ಮಾತ್ರ ಸ್ವಲ್ಪ ಉಳಿದಿತ್ತು. ಸೈಲೆನ್ಸರ್ ಎಂಜಿನ್‌ಗೆ ಸೇರುವ ಜಾಗದ ಗ್ಯಾಸ್ಕೆಟ್ ಸೋರುತ್ತಿತ್ತು. ಅದನ್ನು ಬದಲಿಸಿದ ಮೇಲೆ ಅದೂ ನಿಂತಿತು.

ಇದರಿಂದ ತಿಳಿದದ್ದು

ಎರಡು ತಿರುವುಗಳನ್ನು ಮತ್ತೆ ಹೇಳಬೇಕು ಅನಿಸುತ್ತದೆ. ಒಂದು, "ಕ್ಲೀನ್ ಮಾಡಿದ್ದೇವೆ" ಎನ್ನುವ ಮಾತು. ಈ ಗಾಡಿಯಲ್ಲಿ ಕಾರ್ಬ್ಯುರೇಟರ್ ನಿಜವಾಗಿಯೂ ಕ್ಲೀನ್ ಆಗಿತ್ತು, ಆದರೆ ಎಲ್ಲಿಯವರೆಗೆ ಎಂದು ಯಾರೂ ನೋಡಿರಲಿಲ್ಲ. ಎಲ್ಲ ತೂತುಗಳಿಂದ ಸ್ಪ್ರೇ ಹೊರಬಂದದ್ದನ್ನು ನೋಡಿದ್ದರಿಂದಲೇ ನಾವು ಆಮೇಲೆ ಧೈರ್ಯವಾಗಿ ಗಾಳಿಯ ಕಡೆ ತಿರುಗಿದೆವು. ಆ ಖಾತ್ರಿ ಇಲ್ಲದಿದ್ದರೆ ಮತ್ತೆ ಕಾರ್ಬ್ಯುರೇಟರನ್ನೇ ಬಿಚ್ಚುತ್ತಾ ಕೂರುತ್ತಿದ್ದೆವು.

ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದು. ಟ್ಯಾಪೆಟ್, ಬ್ಯಾಟರಿ, ತುಕ್ಕು, ಪೈಲಟ್ ದಾರಿ, ರಬ್ಬರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೂ ಗಾಡಿ ಸರಿಹೋಗುತ್ತಿತ್ತೇನೋ. ಆದರೆ ಎಲ್ಲೋ ಒಂದು ಕಡೆ ಹೊಸ ತಪ್ಪು ಸೇರಿಕೊಂಡಿದ್ದರೆ ಅದು ಯಾವುದು ಅಂತ ಹುಡುಕಲು ದಾರಿಯೇ ಇರುತ್ತಿರಲಿಲ್ಲ.

ಮೊದಲ ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ ಫ್ಲೋಟ್ ಚೇಂಬರನ್ನು ಮತ್ತೆ ಲೋಟಕ್ಕೆ ಖಾಲಿ ಮಾಡಿದೆವು. ತೆಳುವಾಗಿ ಕೆಂಪು ಪುಡಿ ಇನ್ನೂ ಇತ್ತು. ಮುಂದಿನ ಟ್ಯಾಂಕಿಗೆ ಇರಲಿಲ್ಲ. ಪೈಪಿನ ಮಧ್ಯೆ ಫಿಲ್ಟರ್ ಈಗ ಇದೆ. ಮಾಲೀಕರು ವಾರಕ್ಕೊಮ್ಮೆಯಾದರೂ ಗಾಡಿ ತೆಗೆಯುತ್ತಾರೆ. ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಟ್ಯಾಂಕನ್ನು ತುಂಬಿಸಿ, ಕಾಕ್ ಮುಚ್ಚಿ, ಫ್ಲೋಟ್ ಚೇಂಬರಿನ ಪೆಟ್ರೋಲನ್ನು ಡ್ರೇನ್ ಸ್ಕ್ರೂ ಮೂಲಕ ಪೂರ್ತಿ ಇಳಿಸಬೇಕು, ಬ್ಯಾಟರಿ ವೈರ್ ಬಿಚ್ಚಿಡಬೇಕು ಎಂದು ಹೇಳಿದ್ದೇನೆ. ಅದನ್ನು ಅವರು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿಕೊಂಡಿದ್ದಾರೆ.